ಕಾಯೆತಾನನ ಕಲ್ಲಿಗೆ ಹೂಂ ಅನ್ನುವವರಿಲ್ಲ

ಮರುಭೂಮಿಯ ರಸ್ತೆಗೆ ಬಿದ್ದ ಮರಳು ತಾನಾಗಿ ಎದ್ದು ಹೋಗುವುದಿಲ್ಲ. ಯಾರೋ ಒಬ್ಬ ತೆಗೆಯಬೇಕು. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ, ಗಾಡಿಯನ್ನು ನೂರಾನಲವತ್ತರಲ್ಲಿ ಬಿಟ್ಟು, ಡ್ಯಾಶ್‌ಬೋರ್ಡಿನ ಮೇಲೆ ಚಹಾದ ಲೋಟ ಇಟ್ಟು, "ನೋಡಿ, ಒಂದು ಹನಿ ತುಳುಕುವುದಿಲ್ಲ, ರಸ್ತೆ ಅಂದ್ರೆ ಇದು" ಎಂದು ಊರಿನ ಗುಂಪುಗಳಿಗೆಲ್ಲ ವಿಡಿಯೋ ಕಳಿಸುವಾಗ ಒಮ್ಮೆಯಾದರೂ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸುತ್ತಿದ್ದಿರಿ. ಬಲಕ್ಕೆ ಸಾಂತಪ್ಪ ಇದ್ದ.

ಸೌದಿಯಲ್ಲಿ ಯಾನ್ಬುವಿನಿಂದ ತಬೂಕ್ ಕಡೆಗೆ ಹೋಗುವಾಗ, ಸಮುದ್ರ ಎಡಕ್ಕೆ ಮರೆಯಾಗಿ ಗುಡ್ಡಗಳೂ ಹಿಂದೆ ಸರಿದ ಮೇಲೆ ಒಂದು ಬಯಲು ಬರುತ್ತದೆ. ಗಾಳಿ ಎದ್ದ ದಿನ ಅಲ್ಲಿ ಮರಳು ಡಾಂಬರಿನ ಮೇಲೆ ಹೊಗೆಯ ಹಾಗೆ ಹರಿದಾಡುತ್ತದೆ, ಸಂಜೆಯ ಹೊತ್ತಿಗೆ ಬಲಬದಿಯ ಒಂದು ಲೇನ್ ಪೂರ್ತಿ ಇಲ್ಲವಾಗಿರುತ್ತದೆ. ಆ ಬಯಲಿನ ನಡುವೆ ಎರಡು ಪೋರ್ಟಾ ಕ್ಯಾಬಿನ್, ಒಂದು ನೀರಿನ ಟ್ಯಾಂಕು, ಡೀಸೆಲಿನ ಟ್ಯಾಂಕು, ತಗಡಿನ ಚಪ್ಪರ. ಇದು ಕ್ಯಾಂಪು. ಚಪ್ಪರದ ಕೆಳಗೆ ನಿಂತಿರುವ, ಮುಂದೆ ದೊಡ್ಡ ಬಕೆಟ್ ಇರುವ ಹಳದಿ ಯಂತ್ರಕ್ಕೆ ಇಲ್ಲಿ ಶವೆಲ್ ಅನ್ನುತ್ತಾರೆ. ಅದನ್ನು ಓಡಿಸುವವನು ನಮ್ಮ ಕರಾವಳಿಯ ಹೆಜಮಾಡಿಯ ಸಾಂತಪ್ಪ. ಊರಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಇಂಥದೇ ಯಂತ್ರ ಓಡಿಸಿ ಕೈ ಪಳಗಿಸಿಕೊಂಡು ಬಂದವನು. ಬಂದು ಹತ್ತು ವರ್ಷದ ಮೇಲಾಯಿತು.

ಹೆದ್ದಾರಿ ಬಂದರೆ ಪ್ರದೇಶ ಬೆಳೆಯುತ್ತದೆ ಎಂದು ಭಾಷಣ ಮಾಡುವವರು ಹೇಳುತ್ತಾರೆ. ಸುಳ್ಳಲ್ಲ. ಸಾಂತಪ್ಪ ಅದನ್ನು ಕಣ್ಣಾರೆ ಕಂಡಿದ್ದಾನೆ. ಮೊದಮೊದಲು ತಬೂಕ್‌ನ ತೋಟಗಳಿಂದ ಈರುಳ್ಳಿ, ದ್ರಾಕ್ಷಿ ಹೊತ್ತ ಲಾರಿಗಳು ಬರುತ್ತಿದ್ದವು. ಆಮೇಲೆ ಯಾನ್ಬುವಿನ ಕಡೆಯಿಂದ ಸಿಮೆಂಟು, ಕಬ್ಬಿಣ. ಆಮೇಲೆ ಕಡಲತೀರದ ಹೊಸ ಹೋಟೆಲುಗಳಿಗೆಂದು ಗಾಜಿನ ಹಲಗೆಗಳು. ಕಡೆಗೆ ಬೇರು ಸಮೇತ ಎತ್ತಿದ ಖರ್ಜೂರದ ಮರಗಳು, ತಲೆಗೂದಲು ಕಟ್ಟಿಸಿಕೊಂಡು, ಟ್ರೈಲರಿನ ಮೇಲೆ ಉದ್ದಕ್ಕೆ ಮಲಗಿಕೊಂಡು. ಅಭಿವೃದ್ಧಿಯೆಲ್ಲ ಅವನ ಎದುರಿಗೇ ಟಾರ್ಪಾಲು ಹೊದ್ದು ಹೋಯಿತು. ಒಂದೂ ನಿಲ್ಲಲಿಲ್ಲ. ಊರಿಗೂ ಊರಿಗೂ ಸಂಬಂಧ ಕಟ್ಟುವ ರಸ್ತೆ ಇದು. ಅದರ ನಡುವೆ ಕೂತವನಿಗೆ ಆ ಕಡೆಯ ಊರೂ ಇಲ್ಲ, ಈ ಕಡೆಯದೂ ಇಲ್ಲ. ತಬೂಕ್ ಎಂದರೆ ಅವನಿಗೆ ಬೋರ್ಡಿನ ಮೇಲಿನ ಒಂದು ಹೆಸರು ಮತ್ತು ಒಂದು ಬಾಣ. ಯಾನ್ಬು ಎಂದರೆ ರಜೆಗೆ ಹೋಗುವಾಗ ಕಂಪೆನಿಯ ಗಾಡಿ ಇಳಿಸುವ ಏರ್‌ಪೋರ್ಟಿನ ಬಾಗಿಲು. ಬಸ್ಸು ಇಲ್ಲವೇ ಎಂದು ಕೇಳಬೇಡಿ. ಇದೆ. ಅದು ಊರಿದ್ದಲ್ಲಿ ನಿಲ್ಲುತ್ತದೆ, ಮನುಷ್ಯ ಇದ್ದಲ್ಲಿ ಅಲ್ಲ.

ಫೋನಿದೆಯಲ್ಲ ಅನ್ನುತ್ತೀರಿ. ಫೋನಿದೆ. ಊರಿನಲ್ಲಿ ಹೆಂಡತಿ ವಾರಿಜಾ ಇದ್ದಾಳೆ. ದಿನಾ ಮಾತಾಡುತ್ತಾರೆ.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಮತ್ತೆ?"

"ಮತ್ತೆ ಎಂತ, ನೀನೇ ಹೇಳು."

"ನನ್ನದೆಂತ ಉಂಟು? ನೀವೇ ಹೇಳಿ."

"ಇಲ್ಲಿ ಮರಳುಂಟು. ನಿನ್ನೆದ್ದು ತೆಗ್ದಾಯ್ತು. ಇವತ್ತಿನದ್ದು ಬಿತ್ತು."

"ಹಾಗಾದ್ರೆ ಇಡ್ಲಾ?"

"ಇಡು."

ಪ್ರೀತಿ ಕಡಿಮೆಯಾಗಿರಲಿಲ್ಲ. ವಿಷಯ ಮುಗಿದಿತ್ತು. ಎದುರಿಗೆ ಕೂತವರಿಗಾದರೆ ವಿಷಯ ಬೇಕಾಗುವುದಿಲ್ಲ, ಫೋನಿಗೆ ಬೇಕಾಗುತ್ತದೆ.

ಎದುರಿಗೆ ಕೂರುವವನು ಒಬ್ಬ ಇದ್ದ. ಶಿರ್ವದ ಕಾಯೆತಾನ್. ಕ್ಯಾಂಪಿನ ನೀರಿನ ಟ್ಯಾಂಕರು ಅವನದು. ಸಾಂತಪ್ಪ ಮರಳು ತೆಗೆಯುವಾಗ ಹಿಂದಿನಿಂದ ಬರುವ ಗಾಡಿಗಳನ್ನು ಪಕ್ಕಕ್ಕೆ ಕಳಿಸಲು ರಸ್ತೆಗೆ ಕಿತ್ತಳೆ ಕೋನುಗಳನ್ನು ಇಡುವುದೂ ಅವನೇ. ಕಾಯೆತಾನನ ಮನೆಮಾತು ಕೊಂಕಣಿ, ಸಾಂತಪ್ಪನದು ತುಳು. ಇಬ್ಬರೂ ಜಗಳ ಆಡುತ್ತಿದ್ದದ್ದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡ ಮಾಡಿದ್ದೇನೆ. ಕ್ರಿಸ್ತುವರಿಗೆ ತುಳುವಿನಲ್ಲಿ ಹೇಳುವ, ಸಾಂತಪ್ಪ ತಮಾಷೆಯ ಮರ್ಯಾದೆಗೆ ಬಳಸುತ್ತಿದ್ದ 'ಪೊರ್ಬು' ಎಂಬ ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

"ಏ ಸಾಂತು, ನೀನು ಬೇಯಿಸಿದ್ದು ಗಂಜಿಯಾ, ಇಲ್ಲ ಡಾಂಬರಾ? ಇದನ್ನು ಗುಂಡಿಗೆ ಹಾಕಿ ರೋಲರ್ ಹೊಡೆಯುವ ಮಾರಾಯ."

"ರುಚಿ ಬೇಕಿದ್ರೆ ಪೊರ್ಬುಗಳು ನಿಮ್ಮ ಹೆಂಡ್ತಿ ಮಾಗ್ದಲಿನ್ ಬಾಯಿಯನ್ನು ಇಲ್ಲಿಗೇ ಕರೆಸಿಕೊಳ್ಳಿ."

"ಅವಳು ಬಂದ್ರೆ ನಿನ್ನನ್ನು ಹೊರಗೆ ಹಾಕ್ತಾಳೆ. ಚಪ್ಪರದಲ್ಲಿ ಶವೆಲಿನ ಜೊತೆ ಮಲಗ್ಬೇಕು ನೀನು."

"ಅದು ಗೊರಕೆ ಹೊಡೆಯುದಿಲ್ಲ. ನಿಮಗಿಂತ ಅದೇ ಲೇಸು."

ಇಷ್ಟೇ. ಆ ಬಯಲಿನಲ್ಲಿ ಊರು ಎಂದರೆ ಇಷ್ಟೇ ಇತ್ತು. ಒಂದು ಮಧ್ಯಾಹ್ನ ಅದೂ ಹೋಯಿತು. ಗಾಳಿ ಜೋರಾಗಿದ್ದ ದಿನ, ಕಾಯೆತಾನ್ ಬಗ್ಗಿ ಕೊನೆಯ ಕೋನನ್ನು ಇಡುತ್ತಿದ್ದಾಗ, ಹಿಂದಿನಿಂದ ಬಂದ ಕಾರು ಲೇನ್ ಬಿಟ್ಟು ಬದಿಗೆ ಬಂತು. ಓಡಿಸುತ್ತಿದ್ದವನು ಫೋನ್ ನೋಡುತ್ತಿದ್ದನಂತೆ. ಚಹಾದ ಲೋಟದ ವಿಡಿಯೋ ಮಾಡುತ್ತಿದ್ದನೇ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಶವವನ್ನು ಕೊಂಡೊಯ್ಯುವ ಗಾಡಿ ಬರುವಷ್ಟರಲ್ಲಿ ರಸ್ತೆ ಮತ್ತೆ ಮುಚ್ಚಿತ್ತು. ಅದು ದಾಟಲೆಂದು ಮರಳು ಬಿಡಿಸಿ ದಾರಿ ಮಾಡಿಕೊಟ್ಟವನು ಸಾಂತಪ್ಪನೇ. ಬೇರೆ ಯಾರಿದ್ದರು?

ಕಾಯೆತಾನನ ಮಣ್ಣು ಶಿರ್ವದ ಇಗರ್ಜಿಯಲ್ಲಿ ಆಯಿತು. ಸಾಂತಪ್ಪನಿಗೆ ಹೋಗಲಾಗಲಿಲ್ಲ. ಅಪಘಾತದ ಮರುದಿನವೂ ಮರಳು ಬಿದ್ದಿತ್ತು. ಕಾಯೆತಾನ್ ಬಿದ್ದ ಜಾಗದ ಮೇಲೆ ಬಕೆಟ್ ಎಳೆಯಲು ಕೈ ಬಾರದೆ, ಸಾಂತಪ್ಪ ಸುತ್ತಲಿನಿಂದ ಕಲ್ಲು ಆರಿಸಿ ತಂದು ಅಲ್ಲಿ ಪೇರಿಸಿದ, ತೊಡೆಯೆತ್ತರಕ್ಕೆ. ಗಾಡಿಯವರಿಗೆ ಕಾಣಲಿ ಎಂದು ಕ್ಯಾಂಪಿನಲ್ಲಿದ್ದ ಕೆಂಪು ಹೊಳೆಯುವ ಟೇಪನ್ನು ಸುತ್ತ ಬಿಗಿದ. ಶಿಲುಬೆಯೂ ಇಲ್ಲ, ಹೆಸರೂ ಇಲ್ಲ. ಬಕೆಟಿಗೆ ಒಂದು ಗುರುತು, ಅಷ್ಟೇ.

ಕಾಯೆತಾನನ ಬದಲಿಗೆ ಬಂದವನು ಬಾಂಗ್ಲಾದ ಅಬ್ದುಸ್ಸಲಾಮ್. ಒಳ್ಳೆಯ ಮನುಷ್ಯ. ಚಹಾ ಮಾಡಿದರೆ ಮೊದಲ ಲೋಟ ಸಾಂತಪ್ಪನಿಗೆ. ಆದರೆ ಇಬ್ಬರ ನಡುವೆ ಇದ್ದದ್ದು ಕೆಲಸದ ಹಿಂದಿ. ಆ ಹಿಂದಿಯಲ್ಲಿ "ಡೀಸೆಲ್ ಖತಂ" ಎನ್ನಬಹುದು, "ಯಲ್ಲಾ, ಚಲೋ" ಎನ್ನಬಹುದು. ಗಂಜಿ ಡಾಂಬರಿನ ಹಾಗಿದೆ ಎಂದು ತಮಾಷೆ ಮಾಡಲು ಅದು ಸಾಲುವುದಿಲ್ಲ.

ಹೀಗಿರುವಾಗ ಒಂದು ಗುರುವಾರ, ಶವೆಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದ ಸಾಂತಪ್ಪನಿಗೆ ಹಾರ್ನ್ ಕೇಳಿಸಿತು. ಚಿಕ್ಕದಾಗಿ ಎರಡು ಸಲ. ರಸ್ತೆಯಲ್ಲಿ ಒಂದು ಬಿಳಿ ಪಿಕಪ್ ಬಿಟ್ಟರೆ ಯಾರೂ ಇರಲಿಲ್ಲ. ಎದುರಿಗೆ ಒಂಟೆಯಿಲ್ಲ, ಲಾರಿಯಿಲ್ಲ. ಯಾರಿಗೆ ಹೊಡೆದ ಹಾರ್ನ್ ಇದು? ಸಂಜೆ ಕಲ್ಲಿನ ಬುಡದ ಮರಳು ಸರಿಸುವಾಗ ಬೆರಳಿಗೆ ಏನೋ ತಾಗಿತು. ಎತ್ತಿ ನೋಡಿದರೆ ನಮ್ಮ ಐದು ರೂಪಾಯಿಯ ನಾಣ್ಯ.

ನೀವು ಕರಾವಳಿಯವರಾದರೆ ಹೇಳಬೇಕಾಗಿಲ್ಲ. ಹೆದ್ದಾರಿಯ ಬದಿಯಲ್ಲಿ ದೈವದ ಕಲ್ಲೋ ಗುಡಿಯೋ ಶಿಲುಬೆ ನಿಲ್ಲಿಸಿದ ಕುರ್ಸಿನ ಕಟ್ಟೆಯೋ ಕಂಡರೆ ನಮ್ಮವರ ಕೈ ತಾನಾಗಿ ಹಾರ್ನಿಗೆ ಹೋಗುತ್ತದೆ, ಅಲ್ಲಿಂದ ಎದೆಗೆ ಹೋಗುತ್ತದೆ, ಕಿಟಕಿಯಿಂದ ಒಂದು ಚಿಲ್ಲರೆ ಹಾರುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ.

ಸಾಂತಪ್ಪ ಆ ನಾಣ್ಯವನ್ನು ಅಂಗಿಗೆ ಒರೆಸಿ ಅಲ್ಲೇ ಕಲ್ಲಿನ ಸಂದಿಯಲ್ಲಿಟ್ಟ. ಯಾರೋ ಊರಿನವರು ಈ ದಾರಿಯಲ್ಲಿ ಹೋಗುತ್ತಿದ್ದಾರೆ. ಅವರಿಗೆ ಕಾಯೆತಾನನ ವಿಷಯ ಗೊತ್ತಿದೆ, ಅದಕ್ಕೇ ಹಾಕಿದ್ದಾರೆ. ಹಾಗೆಂದುಕೊಂಡ. ಆಮೇಲಿನ ಗುರುವಾರಗಳಲ್ಲಿ ಅವನು ಒಗೆದ ಅಂಗಿ ಹಾಕತೊಡಗಿದ. ಮಧ್ಯಾಹ್ನದ ಹೊತ್ತು ಏನಾದರೂ ನೆವ ಮಾಡಿ ಕಲ್ಲಿನ ಹತ್ತಿರವೇ ಇರುತ್ತಿದ್ದ. ಪಿಕಪ್ ಬರುತ್ತಿತ್ತು, ಪೀಂ ಪೀಂ ಅನ್ನುತ್ತಿತ್ತು, ಹೋಗುತ್ತಿತ್ತು. ಸಾಂತಪ್ಪ ಕೈ ಎತ್ತುವಷ್ಟರಲ್ಲಿ ಅದರ ಹಿಂಬದಿ ಕಾಣುತ್ತಿತ್ತು. ಒಮ್ಮೆ ನಾಣ್ಯ ಅವನ ಬೂಟಿಗೇ ಬಂದು ಬಡಿಯಿತು.

"ಆದ್ಮಿ ಕೌನ್?" ಎಂದು ಅಬ್ದುಸ್ಸಲಾಮ್ ಕೇಳಿದ.

"ಹಮಾರಾ ಗಾಂವ್" ಎಂದ ಸಾಂತಪ್ಪ. ನನ್ನ ಊರಿನವನು ಎಂದಲ್ಲ, ನನ್ನ ಊರು ಎಂದೇ.

ಕಡೆಗೆ ಪಿಕಪ್ ನಿಂತಿತು. ಅದು ಗುರುವಾರವಲ್ಲ. ರಸ್ತೆಯನ್ನು ಇನ್ನೂ ಅಗಲ ಮಾಡುವ ಕೆಲಸ ಶುರುವಾಗಲಿತ್ತು. ಅದರ ಮೊದಲು ಬದಿಗಳನ್ನು ಪರಿಶೀಲಿಸಲು ಸುರಕ್ಷತೆಯ ಎಂಜಿನಿಯರ್ ಬರುತ್ತಾನೆಂದು ಕಂಪೆನಿಯ ಮೇಸ್ತ್ರಿ ಫೋನ್ ಮಾಡಿ ಹೇಳಿದ್ದ. ಹೆಲ್ಮೆಟ್ಟು, ಹಸಿರು ಅಂಗಿ ತೊಟ್ಟ ತರುಣ ಇಳಿದು ನೇರ ಕಲ್ಲಿನ ಕಡೆಗೇ ನಡೆದ. ಕಲ್ಲನ್ನು ನೋಡಿದ, ಸಂದಿಯಲ್ಲಿ ಸಾಲಾಗಿ ಇಟ್ಟಿದ್ದ ನಾಣ್ಯಗಳನ್ನು ನೋಡಿದ. ನೋಡಿ ಬಾಯಿಂದ ತುಳು ಬಿತ್ತು.

"ಅಯ್ಯೋ, ಇದು ಎಂತ ಮಾರಾಯ!"

ಸಾಂತಪ್ಪ ಎರಡು ಹೆಜ್ಜೆ ಮುಂದೆ ಬಂದ. "ಸಾರ್, ನೀವು ತುಳು..."

"ಮೂಲ್ಕಿ. ಅಖಿಲೇಶ್ ಅಂತ. ನೀವು?"

"ಹೊಳೆ ದಾಟಿದ್ರೆ ಹೆಜಮಾಡಿ, ನಮ್ಮದೇ! ಸಾಂತಪ್ಪ. ಸಾರ್, ನಿಮಗೆ ಕಾಯೆತಾನ್ ಹೇಗೆ ಪರಿಚಯ?"

"ಯಾವ ಕಾಯೆತಾನ್?"

ಸಾಂತಪ್ಪ ಕಲ್ಲಿನ ಕಡೆ ಕೈ ತೋರಿಸಿ ಹೇಳಿದ. ಅಖಿಲೇಶ್ ಹೆಲ್ಮೆಟ್ ತೆಗೆದ.

"ನಂಗೆ ಗೊತ್ತೇ ಇರ್ಲಿಲ್ಲ ಸಾಂತಪ್ಪಣ್ಣ. ಕೆಂಪು ಕಂಡಿತು, ಕಲ್ಲು ಕಂಡಿತು, ಕೈ ಹೋಯ್ತು. ಸೌದಿಯಲ್ಲಿ ಗುಡಿ ಎಲ್ಲಿಂದ ಬರ್ತದೆ ಅಂತ ತಲೆಗೇ ಹೋಗ್ಲಿಲ್ಲ. ರಜೆಯಿಂದ ಬಂದಾಗ ಉಳಿದ ಚಿಲ್ಲರೆ ಗಾಡಿಯಲ್ಲೇ ಬಿದ್ದಿರ್ತದಲ್ಲ, ಅದನ್ನೇ ಬಿಸಾಡಿದ್ದು."

"ಪ್ರತಿ ವಾರ?"

"ಒಮ್ಮೆ ಹಾಕಿದ ಮೇಲೆ ಬಿಡ್ಲಿಕ್ಕೆ ಹೆದರಿಕೆ ಆಗ್ತದೆ, ನಿಮಗೆ ಗೊತ್ತುಂಟಲ್ಲ."

ಇಬ್ಬರೂ ನಕ್ಕರು. ಸಾಂತಪ್ಪ ನಗದೆ ಎಷ್ಟೋ ಕಾಲವಾಗಿತ್ತು. ನಗುತ್ತಲೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅಖಿಲೇಶ್ ಮೆಲ್ಲಗೆ ಹೇಳಿದ:

"ಆದ್ರೆ ಇದನ್ನು ತೆಗೀಬೇಕಾಗ್ತದೆ. ರಸ್ತೆ ಬದಿಯಲ್ಲಿ ಗಟ್ಟಿ ವಸ್ತು ಇರಬಾರ್ದು. ನಿದ್ದೆಗಣ್ಣಲ್ಲಿ ಯಾರಾದ್ರೂ ಬದಿಗೆ ಬಂದು ಇದಕ್ಕೆ ಹೊಡೆದ್ರೆ?"

ಸಾಂತಪ್ಪ ಜಗಳ ಮಾಡಲಿಲ್ಲ. ಬದಿಗೆ ಬರುವ ಗಾಡಿ ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಯಾರೂ ಕಂಡಿರಲಿಲ್ಲ. "ತೆಗೀತೇನೆ ಸಾರ್. ಆ ತಂತಿಬೇಲಿಯಾಚೆ ಇಡ್ತೇನೆ. ಆದ್ರೆ ಹಾಗೇ ಎತ್ಲಿಕ್ಕೆ ಆಗುದಿಲ್ಲ. ಕೇಳ್ಬೇಕು."

ಅಖಿಲೇಶನಿಗೆ ಅರ್ಥವಾಯಿತು. ಊರಿನಲ್ಲಿ ಹೆದ್ದಾರಿ ಅಗಲವಾಗುವಾಗ ಬದಿಯಲ್ಲಿದ್ದ ಕಲ್ಲು, ಕಟ್ಟೆಗಳನ್ನೆಲ್ಲ ಹಿಂದೆ ಸರಿಸಿದ್ದರಲ್ಲ, ಯಂತ್ರ ಮುಟ್ಟುವ ಮೊದಲು ಒಬ್ಬರು ಮುಂದೆ ನಿಂತು ಜೋರಾಗಿ ಕೇಳಿಕೊಳ್ಳುತ್ತಿದ್ದರು: ರಸ್ತೆ ಬರ್ತಾ ಉಂಟು, ಊರಿಗೆ ಉಪಕಾರ ಆಗ್ತದೆ, ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಬೇಕು. ಸುತ್ತ ನಿಂತ ಊರಿನವರು "ಹೂಂ" ಅನ್ನುತ್ತಿದ್ದರು. ಆ ಹೂಂ ಬಿದ್ದ ಮೇಲೇ ಸಾಂತಪ್ಪ ಯಂತ್ರಕ್ಕೆ ಚಾವಿ ಕೊಡುತ್ತಿದ್ದ. ಕೇಳುವವನ ಮಾತು ಅವನೊಬ್ಬನದೇ ಅಲ್ಲ ಎಂಬುದಕ್ಕೆ ಆ ಹೂಂ.

"ಕೇಳುವವ ನಾನಿದ್ದೇನೆ. ಹೂಂ ಅನ್ಲಿಕ್ಕೆ ಊರಿನವ ಒಬ್ಬ ಬೇಕು. ಐದು ನಿಮಿಷ ನಿಂತ್ಕೊಳ್ತೀರಾ ಸಾರ್?"

ಆಗಲೇ ಅಖಿಲೇಶನ ಫೋನ್ ಬಡಿದುಕೊಂಡಿತು. ಮುಂದಿನ ಸೈಟಿನಲ್ಲಿ ಯಾರೋ ಕಾಯುತ್ತಿದ್ದರು. "ಸಾಂತಪ್ಪಣ್ಣ, ಗುರುವಾರ ಬರ್ತೇನೆ. ಖಂಡಿತ. ನಾನೇ ಹೂಂ ಹೇಳ್ತೇನೆ. ಅಲ್ಲಿವರೆಗೆ ಮುಟ್ಬೇಡಿ."

"ಚಹಾ?"

"ಗುರುವಾರ!"

ಅಖಿಲೇಶ್ ಕೆಟ್ಟವನಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ. ಕೆಟ್ಟವರನ್ನು ಬೈದು ಮುಗಿಸಬಹುದು. ಒಳ್ಳೆಯವರು, ಹೆಲ್ಮೆಟ್ ತೆಗೆದು ನಿಂತವರು, ಅಣ್ಣ ಎಂದು ಕರೆದವರು, ನಿಜವಾಗಿಯೂ ಬರಬೇಕೆಂದುಕೊಂಡವರು, ಅವರನ್ನು ಏನು ಮಾಡೋಣ? ಐದು ನಿಮಿಷ ಇಲ್ಲದಷ್ಟು ವೇಗದ ರಸ್ತೆಗಳನ್ನು ನಾವು ಕಟ್ಟಿಕೊಂಡಿದ್ದೇವೆ. ಉಳಿದ ಸಮಯವನ್ನು ಎಲ್ಲಿಟ್ಟಿದ್ದೇವೋ ಯಾರಿಗೂ ಗೊತ್ತಿಲ್ಲ.

ಗುರುವಾರ ಸಾಂತಪ್ಪ ಬಾಟಲಿ ತುಂಬ ಹೊಸ ನೀರು ತಂದಿಟ್ಟ. ಅಂಗಿ ಇಸ್ತ್ರಿಯದು. ಫ್ಲಾಸ್ಕಿನಲ್ಲಿ ಮೂವರಿಗೆ ಚಹಾ. ಪಿಕಪ್ ಬಂತು, ಆದರೆ ಆ ಕಡೆಯ ದಾರಿಯಲ್ಲಿ, ತಬೂಕ್‌ನಿಂದ ಹಿಂದಕ್ಕೆ. ನಡುವೆ ತಡೆಗೋಡೆ. ಪೀಂ ಪೀಂ ಎಂದು ಹಾರ್ನ್ ಆಯಿತು. ಕೈ ಎದೆಗೆ ಹೋದದ್ದೂ ಕಂಡಿತು. ಗಾಡಿ ಹೋಯಿತು.

ಸಂಜೆ ಮೆಸೇಜು: "ಸಾರಿ ಅಣ್ಣ, ಅರ್ಜೆಂಟ್ ರಿಯಾದ್ ಹೋಗ್ಬೇಕು. ಹೊಸ ಪ್ರಾಜೆಕ್ಟಿಗೆ ಹಾಕಿದ್ರು. ಕಲ್ಲು ತೆಗೆದು ಫೋಟೋ ಕಳ್ಸಿ, ನಾಳೆಯೇ ಬೇಕು." ಕೆಳಗೆ ಕೈ ಮುಗಿದ ಚಿತ್ರ.

ಸಾಂತಪ್ಪ ವಾರಿಜಾಳಿಗೆ ಫೋನ್ ಮಾಡಿದ. ಆ ದಿನ ಅವರಿಗೆ ವಿಷಯ ಇತ್ತು.

"ನೀನೇ ಒಂದು ಹೂಂ ಹೇಳಿಬಿಡು. ಸ್ಪೀಕರಿಗೆ ಹಾಕ್ತೇನೆ."

"ಎಂತ ಹೇಳ್ತೀರಿ? ಫೋನಿನಲ್ಲಿ ಹೂಂ ಹೇಳಿದ್ರೆ ಆಗ್ತದಾ? ಜಾಗದಲ್ಲಿ ನಿಂತವರು ಹೇಳ್ಬೇಕು. ಅವರಿಗೆ ಊರಿನವರು ಯಾರೂ ಇಲ್ವಾ ಅಲ್ಲಿ?"

"ಇದ್ದಾರೆ. ತುಂಬ ಜನ ಉಂಟು. ಎಲ್ಲ ಈ ರಸ್ತೆಯಲ್ಲೇ ಹೋಗ್ತಾರೆ."

"ಒಬ್ಬರನ್ನು ನಿಲ್ಲಿಸಿ ಮತ್ತೆ."

"ಹೇಗೆ ನಿಲ್ಲಿಸುದು ಹೇಳು. ಅಡ್ಡ ಹೋಗಿ ನಿಲ್ಲುದಾ? ಕಾಯೆತಾನ್ ಹಾಗೇ ಹೋದದ್ದು."

ಇಡ್ಲಾ ಎಂದು ಅವಳು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸಾಂತಪ್ಪ ಶವೆಲ್ ತೆಗೆಯಲಿಲ್ಲ. ಬರಿಗೈಯಲ್ಲಿ ಹೋದ. ಕಲ್ಲಿನ ಸುತ್ತ ನೀರು ಹೊಯ್ದ. ಮರಳು ಅದನ್ನು ಕೂಡಲೇ ಕುಡಿಯಿತು. ಎದುರು ನಿಂತು ಜೋರಾಗಿಯೇ ಹೇಳಿದ.

"ಕಾಯೆತಾನ, ರಸ್ತೆ ಬರ್ತಾ ಉಂಟು ಮಾರಾಯ. ಇನ್ನೂ ದೊಡ್ಡದಾಗ್ತದಂತೆ. ಊರಿಗೆಲ್ಲ ಉಪಕಾರ ಅಂತೆ. ನೀನು ಸ್ವಲ್ಪ ಹಿಂದೆ ಸರಿದು ಕೂತ್ಕೊಳ್ಬೇಕು. ನಾನೇ ಎತ್ತುದು, ಯಂತ್ರ ತಾಗಿಸುದಿಲ್ಲ. ಆಗ್ಬಹುದಾ?"

ಕೇಳಿ ಕಾದ. ಅಬ್ದುಸ್ಸಲಾಮ್ ಟೊಪ್ಪಿ ಸರಿ ಮಾಡಿಕೊಂಡು, ಕೈ ಕಟ್ಟಿ, ತಲೆ ತಗ್ಗಿಸಿ ಪಕ್ಕದಲ್ಲಿ ನಿಂತಿದ್ದ. ತನಗೆ ತಿಳಿಯದ ಮಾತಿಗೆ ಹೂಂ ಅನ್ನುವುದು ಸರಿಯಲ್ಲವೆಂದು ಅವನು ಅಂದುಕೊಂಡಿರಬೇಕು. ಆ ಮರ್ಯಾದೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಒಂದು ಟ್ರೈಲರ್ ಹೋಯಿತು. ಒಂದು ಬಸ್ಸು ಹೋಯಿತು. ಶುಕ್ರವಾರವಾದ್ದರಿಂದ ಕುಟುಂಬಗಳ ಕಾರುಗಳು ಹೋದವು, ಹಿಂದಿನ ಗಾಜಿಗೆ ಮಕ್ಕಳ ಮುಖ ಅಂಟಿಸಿಕೊಂಡು. ಅವುಗಳಲ್ಲಿ ಒಂದರೊಳಗಾದರೂ ತುಳುವೋ ಕೊಂಕಣಿಯೋ ಕನ್ನಡವೋ ನಡೆದಿತ್ತು ಎಂದು ನಾನು ಎದೆ ಮುಟ್ಟಿ ಹೇಳಬಲ್ಲೆ. ಗಾಜು ಏರಿಸಿತ್ತು, ಎಸಿ ಹಾಕಿತ್ತು.

ಹೂಂ ಬರಲಿಲ್ಲ.

ಸಾಂತಪ್ಪ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬೇಲಿಯಾಚೆ ಸಾಗಿಸಿದ. ಒಂಟೆಗಳು ರಸ್ತೆಗೆ ಬಾರದ ಹಾಗೆ ಎಳೆದ ತಂತಿಬೇಲಿ ಅದು. ಅಬ್ದುಸ್ಸಲಾಮ್ ಕೈ ಹಾಕಿದ. ಮುಗಿದ ಮೇಲೆ ಸಾಂತಪ್ಪ ಖಾಲಿ ಜಾಗದ ಫೋಟೋ ತೆಗೆದು ಅಖಿಲೇಶನಿಗೆ ಕಳಿಸಿದ. ರಿಯಾದಿನಿಂದ ಹೆಬ್ಬೆರಳಿನ ಗುರುತು ಬಂತು. ಆಮೇಲೆ ಆ ಗುರುವಾರವೂ ಇಲ್ಲ, ಹಾರ್ನೂ ಇಲ್ಲ.

ಎತ್ತಿ ತಂದ ಕಲ್ಲುಗಳನ್ನು ಸಾಂತಪ್ಪ ಇನ್ನೂ ಪೇರಿಸಿಲ್ಲ. ಬೇಲಿಯಾಚೆ ಹಾಗೇ ಹರಡಿಕೊಂಡಿವೆ. ಕೇಳಿದ್ದಕ್ಕೆ ಉತ್ತರ ಬರದೆ ಹೊಸ ಜಾಗದಲ್ಲಿ ಕೂರಿಸುವುದು ಹೇಗೆ ಎನ್ನುತ್ತಾನೆ. ಗಾಳಿ ಬಿಡುವುದಿಲ್ಲ, ಒಂದೊಂದೇ ಕಲ್ಲು ಮರಳಿನೊಳಗೆ ಹೋಗುತ್ತಿದೆ. ಸಂಜೆ ಕೆಲಸ ಮುಗಿದ ಮೇಲೆ ಅವನು ಹೋಗಿ ಅವುಗಳನ್ನು ಮತ್ತೆ ಮೇಲಕ್ಕೆ ಎತ್ತಿಡುತ್ತಾನೆ. ರಸ್ತೆಯ ಮರಳು ತೆಗೆಯುವುದಕ್ಕೆ ಅವನಿಗೆ ಸಂಬಳ ಇದೆ. ಇದಕ್ಕೆ ಇಲ್ಲ.

ನೀವು ಆ ದಾರಿಯಲ್ಲಿ ಹೋಗುತ್ತೀರಿ. ರಜೆ ಸಿಕ್ಕಿದರೆ ತಬೂಕ್‌ನ ತಂಪಿಗೆ ಓಡುವವರು ನೀವೇ, ಗುಂಪಿನಲ್ಲಿ ಫೋಟೋ ಹಾಕುವವರೂ ನೀವೇ. ಆ ಬಯಲಿನಲ್ಲಿ ಸೂರು ಮುರಿದ ಒಂದು ಸಿಮೆಂಟು ಬೆಂಚು ಸಿಗುತ್ತದೆ, ಅದನ್ನು ದಾಟಿದ ಮೇಲೆ ಬಲಬದಿಯ ತಂತಿಬೇಲಿಗೆ ಕೆಂಪು ಟೇಪಿನ ತುಂಡು ಕಟ್ಟಿದೆ. ಅಲ್ಲಿ ಹಾರ್ನ್ ಹೊಡೆಯಬೇಡಿ. ಚಿಲ್ಲರೆ ಎಸೆಯಬೇಡಿ. ವೇಗ ಇಳಿಸಿ, ದೀಪ ಹಾಕಿ, ಗಾಡಿಯನ್ನು ಪೂರ್ತಿ ಬದಿಗೆ ತನ್ನಿ. ಫೋನನ್ನು ಸೀಟಿನ ಮೇಲೆ ಬಿಟ್ಟು ಇಳಿಯಿರಿ. ಹಳದಿ ಯಂತ್ರ ನಿಲ್ಲಿಸಿ ಒಬ್ಬ ಬೇಲಿಯ ಕಡೆಗೆ ನಡೆದು ಬರುತ್ತಾನೆ; ನೀವು ಯಾವ ಊರು ಎಂದು ಕೇಳುತ್ತಾನೆ, ಹೇಳಿ. ಆಮೇಲೆ ಅವನು ಕಲ್ಲುಗಳ ಕಡೆ ತಿರುಗಿ ಜೋರಾಗಿ ಒಂದು ಮಾತು ಕೇಳುತ್ತಾನೆ.

ಬಾಯಿ ಬಿಟ್ಟು, ಅವನಿಗೆ ಕೇಳುವ ಹಾಗೆ, ಹೂಂ ಅನ್ನಿ.